ಮನ್ಯಾಗ ಯಾರರೆ ಇದ್ದೀರೇನ್ರಿ?

ಒಂದು ಮನೆಯಲ್ಲಿ ಕೂಸು ಹುಟ್ಟಿದರೆ ಯಾರು ಕೆಲಸಕ್ಕೆ ಹೋಗಬೇಕು, ಯಾರು ಕೂಸಿನ ಹತ್ತಿರ ಕೂಡಬೇಕು ಎಂಬ ವಿಷಯದಲ್ಲಿ ಆ ಮನೆಯ ಗಂಡ ಹೆಂಡತಿಯನ್ನು ಬಿಟ್ಟು ಊರಿನ ಎಲ್ಲರಿಗೂ ಖಚಿತವಾದ ಅಭಿಪ್ರಾಯವಿರುತ್ತದೆ. ಧಾರವಾಡದ ಸಪ್ತಾಪುರದಲ್ಲಂತೂ ಇದು ಸ್ವಲ್ಪ ಹೆಚ್ಚೇ. ಅಲ್ಲಿ ಓಣಿಗೆ ನಾಲ್ಕು ಜನ ಪ್ರಾಧ್ಯಾಪಕರಿರುವುದರಿಂದ ಅಭಿಪ್ರಾಯಗಳು ಮುನ್ನುಡಿ, ಉಪಸಂಹಾರಗಳ ಸಮೇತ ಬರುತ್ತವೆ.

ದತ್ತು ಇದನ್ನು ಅನುಭವಿಸಿ ತಿಳಿದವನು. ಮಗಳು ಗಾರ್ಗಿ ಹುಟ್ಟಿ, ಹೆಂಡತಿ ಸುಲಭಾಳ ಹೆರಿಗೆ ರಜೆ ಮುಗಿದು, ಆಕೆ ಹುಬ್ಬಳ್ಳಿ ಕಡೆಯ ಉಣಕಲ್ಲಿನ ಬ್ಯಾಂಕಿಗೆ ಮ್ಯಾನೇಜರ್ ಆಗಿ ಮರಳಿದಾಗ, ಹಾಲು ಕುಡಿಯುವ ಕೂಸನ್ನು ಬಿಟ್ಟು ಹೋಗಲು ಮನಸ್ಸಾದರೂ ಹೇಗೆ ಬರುತ್ತದೆ ಎಂದು ಓಣಿ ಮರುಗಿತು. ಆ ಕೂಸನ್ನು ನೋಡಿಕೊಳ್ಳಲೆಂದೇ ದತ್ತು ಹುಬ್ಬಳ್ಳಿಯ ವಿಮಾ ಕಚೇರಿಯ ನೌಕರಿ ಬಿಟ್ಟಾಗ, ಗಟ್ಟಿಮುಟ್ಟಾದ ಗಂಡಸು ಹಗಲೆಲ್ಲ ಮನೆಯಲ್ಲಿ ಕೂಡುವುದೇ ಎಂದು ಅದೇ ಓಣಿ ಮತ್ತೆ ಮರುಗಿತು. ಕೂಸೊಂದೇ ಯಾರ ತಕರಾರೂ ಇಲ್ಲದೆ ದುಂಡಗೆ ಬೆಳೆಯಿತು.

ಕೆಲವು ತಿಂಗಳ ಮಟ್ಟಿಗೆಂದು ಬಿಟ್ಟ ನೌಕರಿ, ಗಾರ್ಗಿಗೆ ಮೂರು ತುಂಬಿ ನಾಲ್ಕು ನಡೆಯುವಾಗಲೂ ಬಿಟ್ಟೇ ಇತ್ತು. ದತ್ತುವಿಗೆ ಅದರ ಬೇಸರವಿರಲಿಲ್ಲ. ಮಗಳಿಗೆ ಎಣ್ಣೆ ಹಚ್ಚುವುದು, ಜಡೆ ಹಾಕುವುದು, ಅವಳು ತಟ್ಟೆಯಲ್ಲಿ ಬಿಟ್ಟದ್ದನ್ನು ಹಾಳು ಮಾಡಬಾರದೆಂದು ತಾನೇ ತಿಂದು ಮುಗಿಸುವುದು, ಎಲ್ಲವೂ ಅವನಿಗೆ ಒಗ್ಗಿದ್ದವು. (ಕೊನೆಯದು ಅಂಗಿಯ ಗುಂಡಿಗಳಿಗೆ ಮಾತ್ರ ಒಗ್ಗಿರಲಿಲ್ಲ.) ಆದರೆ ಹೊರಗಿನವರ ಮುಂದೆ 'ನಾನು ಮನೆಯಲ್ಲಿರುತ್ತೇನೆ' ಎಂದು ಹೇಳುವ ಪ್ರಸಂಗ ಬಂದರೆ ಅವನ ನಾಲಿಗೆ ಒಣಗುತ್ತಿತ್ತು. ಯಾರಾದರೂ ಕೇಳಿದರೆ 'ಕನ್ಸಲ್ಟನ್ಸಿ ಅದರೀ' ಎನ್ನುತ್ತಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಬದನೆಕಾಯಿ ಎಳೆಯವೋ ಬಲಿತವೋ ಎಂಬ ಬಗ್ಗೆ ಕೈಗಾಡಿಯ ಮಕಬೂಲಸಾಬನ ಜೊತೆ ದಿನಾ ಮುಂಜಾನೆ ಗಂಭೀರ ಸಮಾಲೋಚನೆ ನಡೆಯುತ್ತಿತ್ತು.

ಹಳೆಯ ನೌಕರಿಯಿಂದ ಅವನಿಗೆ ಉಳಿದ ಪ್ರಯೋಜನ ಒಂದೇ. ಗಾರ್ಗಿ ಜೋಗುಳಕ್ಕೆ ಮಲಗುವ ಕೂಸಲ್ಲ. ದತ್ತುವಿನ ಹಾಡು ಕೇಳಿದರೆ ಬಂದ ನಿದ್ದೆಯೂ ಹಾರಿಹೋಗುತ್ತಿತ್ತು. ಒಂದು ಮಧ್ಯಾಹ್ನ ರೋಸಿಹೋಗಿ, ಬಾಯಿಪಾಠವಾಗಿದ್ದ ಪಾಲಿಸಿಯ ಷರತ್ತುಗಳನ್ನು ಗೊಣಗತೊಡಗಿದ. 'ಪ್ರವಾಹ, ಭೂಕಂಪ, ದಂಗೆ, ದೊಂಬಿಗಳಿಂದ ಉಂಟಾದ ಯಾವುದೇ ನಷ್ಟಕ್ಕೆ ಕಂಪನಿ ಹೊಣೆಯಲ್ಲ.' ದೊಂಬಿ ಮುಗಿಯುವುದರೊಳಗೆ ಕೂಸು ಗೊರಕೆ ಹೊಡೆಯುತ್ತಿತ್ತು. ಅಂದಿನಿಂದ ಆ ಮನೆಯಲ್ಲಿ ಅದೇ ಜೋಗುಳ.

ಹೀಗೆ ಸುಖವಾಗಿದ್ದ ಸಂಸಾರಕ್ಕೆ ಶಿಶುವಿಹಾರದ ಸೀಟಿನ ಚಿಂತೆ ಬಂತು. ಮನೆಯ ಹತ್ತಿರವೇ, ಹುಣಸೆ ಮರದ ಕೆಳಗೆ ಒಂದು ಒಳ್ಳೆಯ ಶಿಶುವಿಹಾರವಿತ್ತು. ಅಲ್ಲಿ ಸೀಟು ಕೊಡುವ ಮೊದಲು ಅಕ್ಕೋರು, ಎಂದರೆ ಶಿಕ್ಷಕಿ, ತಂದೆತಾಯಿಯನ್ನೂ ಕೂಸನ್ನೂ ಕೂಡಿಸಿಕೊಂಡು ಮಾತಾಡುತ್ತಿದ್ದರು. ಮಹಡಿಯ ಮೇಲಿನ ಶಶಿಕುಮಾರ ಸರ್ ಇಳಿದು ಬಂದು, ತಮ್ಮ ಮಗನಿಗೆ ಅಲ್ಲಿ ಸೀಟು ತಪ್ಪಿದ್ದಕ್ಕೆ ಕಾರಣವೇನೆಂದು ದನಿ ತಗ್ಗಿಸಿ ಹೇಳಿದರು. ಅಲ್ಲಿ ಕೂಸಿನ ತಾಯಿ ಮನೆಯಲ್ಲಿಯೇ ಇರಬೇಕಂತೆ. ಶಶಿಕುಮಾರ ಸರ್ ಕಾಲೇಜಿಗೆ, ಅವರ ಹೆಂಡತಿ ಕೋರ್ಟಿಗೆ ಹೋಗುವುದರಿಂದ ಅಕ್ಕೋರು ಮುಖ ತಿರುಗಿಸಿದರಂತೆ.

ದತ್ತುವಿನ ತಲೆಯಲ್ಲಿ ತಕ್ಷಣ ದೀಪ ಹತ್ತಿತು. (ಅವನ ತಲೆಯಲ್ಲಿ ದೀಪ ಹತ್ತಿದಾಗಲೆಲ್ಲ ಮನೆಯಲ್ಲಿ ಕತ್ತಲೆ ಬೀಳುತ್ತದೆ ಎಂಬುದು ಸುಲಭಾಳ ಅನುಭವ.) ಒಂದೇ ಒಂದು ದಿನದ ಮಟ್ಟಿಗೆ ಸುಲಭಾ ಗೃಹಿಣಿಯಾಗಬೇಕು, ತಾನು ಕಚೇರಿಗೆ ಹೋಗುವ ಗಂಡಸಾಗಬೇಕು. ಹೇಗೂ ಆಕೆಯ ಬ್ಯಾಂಕು ಉಣಕಲ್ಲಿನಲ್ಲಿ, ಸಪ್ತಾಪುರದಲ್ಲಿ ಯಾರಿಗೆ ತಿಳಿಯಬೇಕು?

"ಖರೇ ಹೇಳಿದ್ರ ಏನಾಗ್ತದರೀ?" ಎಂದಳು ಸುಲಭಾ.

"ಸೀಟು ಹೋಗ್ತದ."

ಸೀಟಿನ ಚಿಂತೆ ಅರ್ಧ ನಿಜ. ಮಿಕ್ಕ ಅರ್ಧ, ಹೊಸಬರ ಮುಂದೆ ಕುರ್ಚಿಯಲ್ಲಿ ಕೂತು ತನ್ನ ಉದ್ಯೋಗ ಹೇಳಬೇಕಲ್ಲ ಎಂಬ ದತ್ತುವಿನ ಹಳೆಯ ಸಂಕಟ. ಅದು ಸುಲಭಾಳಿಗೂ ಗೊತ್ತಿತ್ತು. ಅದಕ್ಕೇ ಆಕೆ ಹೆಚ್ಚು ವಾದಿಸಲಿಲ್ಲ.

ಆದಿತ್ಯವಾರ ತರಬೇತಿ ಶುರುವಾಯಿತು. ಹೆತ್ತ ತಾಯಿಗೆ ಯಾರ ಪಾಠವೂ ಬೇಕಿಲ್ಲ ಎಂದು ಸುಲಭಾ ಮುಖ ಉಬ್ಬಿಸಿದಳು. ಹಾಗಾದರೆ ಗಾರ್ಗಿಗೆ ಯಾವ ಪಲ್ಯ ಸೇರುತ್ತದೆ ಹೇಳು ಎಂದ ದತ್ತು. ಬೆಂಡೆಕಾಯಿ ಎಂದಳು.

"ಅದು ಹೋದ ವರ್ಷದ್ದು," ಎಂದ ದತ್ತು.

ಸುಲಭಾ ಮಡಿಚುತ್ತಿದ್ದ ಟಾವೆಲನ್ನು ಮತ್ತೆ ಬಿಚ್ಚಿ, ಮತ್ತೆ ಮಡಿಚಿದಳು. ಬೆಂಡೆಕಾಯಿ ಸರಿ ಎಂದುಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ದತ್ತುವಿಗೆ ಕೆಟ್ಟೆನಿಸಿತು. ಆದರೂ ಗುರುವಿನ ಪಟ್ಟ ಸುಮ್ಮನೆ ಸಿಗುವಂಥದಲ್ಲ, ಪಾಠ ಮುಂದುವರಿಯಿತು. ಎಳೆ ಬದನೆಕಾಯಿ, ಮಿಕ್ಸರಿನ ಭಯ, ಬಲಗಿವಿಯಲ್ಲಿ ನೀರು ಹೋದರೆ ಆಗುವ ರಂಪ, ಎಲ್ಲವನ್ನೂ ಸುಲಭಾ ಬ್ಯಾಂಕಿನ ತಪಾಸಣೆಗೆ ತಯಾರಾಗುವಂತೆ ಉರು ಹೊಡೆದಳು. ಗಾರ್ಗಿಗೆ ಕೊಟ್ಟ ಪಾಠ ಒಂದೇ ಸಾಲಿನದು: ಅಪ್ಪ ಏನು ಮಾಡುತ್ತಾನೆ ಎಂದು ಕೇಳಿದರೆ ಆಫೀಸಿಗೆ ಹೋಗುತ್ತಾನೆ ಎನ್ನಬೇಕು. ಆಕೆ ಶೇಂಗಾ ಚಿಕ್ಕಿ ಪಡೆದು ಒಪ್ಪಿದಳು.

ಮಾತುಕತೆಯ ದಿನ ದತ್ತು ಕಪಾಟಿನ ತಳದಿಂದ ಆಫೀಸಿನ ಅಂಗಿ ತೆಗೆದ. ಹೊಟ್ಟೆಯ ಮೇಲಿನ ಗುಂಡಿ ಹಾಕಿದರೆ ಉಸಿರು ಬಿಡುವಂತಿರಲಿಲ್ಲ, ಉಸಿರು ಬಿಟ್ಟರೆ ಗುಂಡಿ ನಿಲ್ಲುವಂತಿರಲಿಲ್ಲ. ಅವನು ಗುಂಡಿಯ ಪಕ್ಷ ವಹಿಸಿದ.

ಶಿಶುವಿಹಾರವನ್ನು ನಡೆಸುವ ಭಾಗ್ಯಶ್ರೀ ಅಕ್ಕೋರು ತಲೆ ನೆರೆತ, ನಗುಮುಖದ ಹೆಂಗಸು. ಮನೆಯಲ್ಲಿ ಕೂಸಿನ ಕೂಡ ಯಾರಿರುತ್ತೀರಿ ಎಂಬುದೇ ಅವರ ಮೊದಲ ಪ್ರಶ್ನೆ. 'ನಾನು' ಎಂದಳು ಸುಲಭಾ, ನೋಟಿನ ಕಟ್ಟು ಸರಿಯಾಗಿದೆ ಎಂದು ಹೇಳುವ ದನಿಯಲ್ಲಿ. ಯಾರೂ ಕೇಳದಿದ್ದರೂ ದತ್ತು ತಾನು ಆಫೀಸಿಗೆ ಹೋಗುವುದಾಗಿ ಘೋಷಿಸಿದ. ಊಟದ ಪ್ರಶ್ನೆಗೆ ಬದನೆಕಾಯಿ ಸರಿಯಾದ ಜಾಗಕ್ಕೇ ಬಂದು ಬಿತ್ತು. ಮಧ್ಯಾಹ್ನ ಹೇಗೆ ಮಲಗಿಸುತ್ತೀರಿ ಎಂದಾಗ ಸುಲಭಾ, ಜೋಗುಳ ಹಾಡಿ ಎಂದು ಕಣ್ಣು ಮಿಟುಕಿಸದೆ ಹೇಳಿದಳು. ದತ್ತು ಮನಸ್ಸಿನಲ್ಲಿಯೇ ಆಕೆಗೆ ನೂರಕ್ಕೆ ನೂರು ಕೊಟ್ಟ.

ಅಕ್ಕೋರು ಗಾರ್ಗಿಯ ಕಡೆ ತಿರುಗಿ, ಆ ಜೋಗುಳವನ್ನು ತಮಗೂ ಕೇಳಿಸು ಎಂದರು. ಗಾರ್ಗಿ ಎದ್ದು ನಿಂತು, ಕೈ ಮುಗಿದು, ಕಣ್ಣು ಮುಚ್ಚಿ ಶುರು ಮಾಡಿದಳು. ಪ್ರವಾಹ ಬಂತು, ಭೂಕಂಪವಾಯಿತು, ದಂಗೆ ದೊಂಬಿಗಳೆದ್ದವು. ಕೊನೆಗೆ ಕಂಪನಿ ಹೊಣೆಯಲ್ಲ ಎಂದು ಹೇಳಿ ಕೂತಳು.

ಅಕ್ಕೋರು ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನು ಯಾರು ಕಲಿಸಿದರವಾ ಎಂದು ಕೇಳಿದರು. ಅಪ್ಪ ಎಂದಳು.

"ನಿಮ್ಮಪ್ಪಾರು ಆಫೀಸಿಗೆ ಹೋಗತಾರಂತಲ್ಲವಾ. ಎಲ್ಲಿ ಐತಿ ಆಫೀಸು?"

"ಅಡಿಗಿಮನ್ಯಾಗ," ಎಂದಳು ಗಾರ್ಗಿ. ತಿಂದ ಚಿಕ್ಕಿಗೆ ಆಕೆ ಇಷ್ಟರ ಮಟ್ಟಿಗಾದರೂ ನ್ಯಾಯ ಸಲ್ಲಿಸಿದ್ದಳು.

ದತ್ತು ಗಡಿಬಿಡಿಯಿಂದ, ಈಗೆಲ್ಲ ವರ್ಕ್ ಫ್ರಮ್ ಹೋಮ್ ನಡೆದಿದೆ, ಅಡಿಗೆಮನೆಯಲ್ಲಿ ನೆಟ್‌ವರ್ಕ್ ಛಲೋ ಸಿಗುತ್ತದೆ ಎಂದ. ಅಕ್ಕೋರು ತಲೆಯಾಡಿಸಿದರು. ನಂಬಿದರೋ ಬಿಟ್ಟರೋ ಗೊತ್ತಾಗಲಿಲ್ಲ. ಕೊನೆಯದಾಗಿ ಒಂದು ಕೇಳಿದರು: ಕೂಸು ಅಳುತ್ತದೆಯೇ?

ಇದು ಪಾಠದಲ್ಲಿ ಬಂದಿರಲಿಲ್ಲ. ಸುಲಭಾ ತನಗೆ ತಿಳಿದ ನಿಜವನ್ನೇ ಹೆಮ್ಮೆಯಿಂದ ಹೇಳಿದಳು. ಅಳುವುದೇ ಇಲ್ಲ, ಬಿದ್ದರೂ ಅಳುವುದಿಲ್ಲ, ಬಹಳ ಧೈರ್ಯ.

ದತ್ತು ಸುಮ್ಮನಿರಬೇಕಿತ್ತು. ಸೀಟು ಅಂಗೈಗೆ ಬಂದಿತ್ತು. ಆದರೆ ನಾಳೆ ಈ ಕಟ್ಟಡದ ಯಾವುದೋ ಬಾಗಿಲಿನ ಹಿಂದೆ ತನ್ನ ಕೂಸು ಒಂದೇ ನಿಂತಿರುತ್ತದೆ, ಅದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಅನಿಸಿದ್ದೇ ತಡ, ಅವನಿಗೆ ತಡೆಯಲಾಗಲಿಲ್ಲ. ಅಂಗಿಯ ಗುಂಡಿ ಪಟ್ಟೆಂದು ಹಾರಿ ಮೇಜಿನ ಕೆಳಗೆ ಹೋಯಿತು.

"ಅಳ್ತಾಳ್ರೀ," ಎಂದ. "ಮಂದಿ ಮುಂದ ಅಳೂದಿಲ್ಲ. ಬಾಗಲದ ಹಿಂದ ಹೋಗಿ ನಿಂತು ಅಳ್ತಾಳ. ಸಪ್ಪಳ ಸುದ್ಧಾ ಬರೂದಿಲ್ಲ. ಆವಾಗ ಎಳದು ಹೊರಗ ತರಬಾರದ್ರೀ. ಬಾಗಲಾ ಬಡದು, ಮನ್ಯಾಗ ಯಾರರೆ ಇದ್ದೀರೇನ್ರಿ, ಅಂತ ಕೇಳಬೇಕು. ಯಾರೂ ಇಲ್ಲ, ಅಂತಾಳ. ಮತ್ತೊಮ್ಮೆ ಕೇಳಬೇಕು. ಮೂರನೇ ಸಲಕ್ಕ ನಕ್ಕೋತ ತಾನ ಹೊರಗ ಬರ್ತಾಳ."

ಸುಲಭಾ ಗಂಡನನ್ನೇ ನೋಡುತ್ತಿದ್ದಳು.

"ಅಂದ್ರ ಮನ್ಯಾಗ ಇರಾವ್ರು ನೀವು," ಎಂದರು ಅಕ್ಕೋರು.

"ಹೌದ್ರೀ. ನಾನ ಮನ್ಯಾಗ ಇರ್ತೀನಿ."

ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಗೆ ಬಂದಿತು. ಮಾಡು ಕುಸಿಯಲಿಲ್ಲ, ಭೂಕಂಪವಾಗಲಿಲ್ಲ. ಅಕ್ಕೋರು ಮಾತ್ರ ಮನಸಾರೆ ನಕ್ಕರು. ತಾಯಿ ಮನೆಯಲ್ಲಿರಬೇಕೆಂಬ ನಿಯಮವನ್ನು ತಾವು ಎಂದೂ ಮಾಡಿಲ್ಲ ಎಂದರು. ಶಶಿಕುಮಾರರ ಮಗನಿಗೂ ಸೀಟು ಕೊಟ್ಟಿದ್ದರಂತೆ. ಆ ಹುಡುಗ ಮಾತುಕತೆಯ ದಿನ ಅಕ್ಕೋರ ಬೆರಳು ಕಚ್ಚಿದ್ದ, ಸರ್ ನಾಚಿಕೊಂಡು ಮತ್ತೆ ಈ ಕಡೆ ಹಾಯಲೇ ಇಲ್ಲ. ಬೆರಳನ್ನೂ ತೋರಿಸಿದರು.

"ಮನ್ಯಾಗ ಯಾರ ಇರತೀರಿ ಅಂತ ಕೇಳೂದು, ಇಲ್ಲಿ ಯಾರರೆ ಅತ್ತರ ಯಾರಿಗೆ ಫೋನ ಮಾಡಬೇಕು ಅಂತ ತಿಳಕೊಳ್ಳಾಕ್ರಿ. ಅಷ್ಟ."

ಹಾಗಾದರೆ ನನಗೇ ಮಾಡಬೇಕು, ನಂಬರ್ ಒತ್ತಿ ಮುಗಿಸುವುದರೊಳಗೆ ಬಂದು ನಿಂತಿರುತ್ತೇನೆ ಎಂದ ದತ್ತು. ಪಾಪ ಸುಲಭಾಳಿಗೆ ಬ್ಯಾಂಕಿನಲ್ಲಿ ಕೈತುಂಬ ಕೆಲಸ, ಆಕೆಯ ನಂಬರ್ ಬೇಕಾಗುವುದೇ ಇಲ್ಲ ಎಂದೂ ಸೇರಿಸಿದ.

"ಇರಲಿ, ಅವರದೂ ಕೊಡ್ರಿ," ಎಂದರು ಅಕ್ಕೋರು. "ಭಾಳ ವರ್ಷದಿಂದ ಸಾಲಿ ನಡಸಾಕತ್ತೇನಿ. ಬೇಕಾಗತೈತಿ."

ಮನೆಗೆ ಬರುವ ದಾರಿಯಲ್ಲಿ ಸುಲಭಾ ಒಂದೇ ಮಾತು ಕೇಳಿದಳು: ಬಾಗಿಲಿನ ಹಿಂದಿನ ಸಂಗತಿ ತನಗೇಕೆ ಹೇಳಿರಲಿಲ್ಲ? ದತ್ತು ಗಾರ್ಗಿಯ ಜಡೆ ಸರಿಮಾಡತೊಡಗಿದ. ಮುಂದಿನ ಆದಿತ್ಯವಾರ ಗಾರ್ಗಿ ಬಾಗಿಲಿನ ಹಿಂದೆ ಸರಿದಾಗ ದತ್ತು ಏಳಹೋದ. ಸುಲಭಾ ಅವನ ಭುಜ ಒತ್ತಿ ಕೂಡಿಸಿ, ತಾನೇ ಹೋಗಿ ಬಾಗಿಲು ಬಡಿದಳು.

ಗುಟ್ಟು ಬಯಲಾದ ಮೇಲೆ ದತ್ತುವನ್ನು ಹಿಡಿಯುವವರಿಲ್ಲದಂತಾಯಿತು. ಮನೆಯಲ್ಲಿರುತ್ತೇನೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಶಶಿಕುಮಾರ ಸರ್ ಅವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಮಕ್ಕಳನ್ನು ಬೆಳೆಸುವ ಬಗ್ಗೆ ಉಪನ್ಯಾಸ ಕೊಟ್ಟ, ಮುನ್ನುಡಿ ಉಪಸಂಹಾರಗಳ ಸಮೇತ. ಗಾರ್ಗಿ ಶಾಲೆಗೆ ಹೋದ ಮೇಲೆ ಸಿಗುವ ಬಿಡುವಿನಲ್ಲಿ ಪೇಪರ್ ಓದಬೇಕು, ಬಿಸಿ ಇರುವಾಗಲೇ ಚಹಾ ಕುಡಿಯಬೇಕು, ಸಾಧ್ಯವಾದರೆ ಒಂದು ನೌಕರಿಯನ್ನೂ ನೋಡಬೇಕು ಎಂದು ಯೋಜನೆ ಹಾಕಿದ.

ಜೂನ್ ತಿಂಗಳ ಮೊದಲ ದಿನ ಶಿಶುವಿಹಾರದ ಮುಂದೆ ಅಳುವಿನ ಜಾತ್ರೆಯೇ ನೆರೆದಿತ್ತು. ಮಕ್ಕಳು ಅಳುತ್ತಿದ್ದವು, ತಾಯಂದಿರು ಸೆರಗು ಹಿಡಿದು ಅಳುತ್ತಿದ್ದರು. ದತ್ತು ಅವರ ನಡುವೆ ಓಡಾಡಿ ಸಮಾಧಾನ ಹೇಳಿದ. ನಾವು ಗಟ್ಟಿ ಇದ್ದರೆ ಮಕ್ಕಳು ಗಟ್ಟಿ ಇರುತ್ತವೆ, ನಮ್ಮ ಕಣ್ಣೀರು ಅವಕ್ಕೆ ಕಾಣಬಾರದು ಎಂದ. ಅಷ್ಟರಲ್ಲಿ ಗಾರ್ಗಿ ಅವನ ಬೆರಳು ಬಿಟ್ಟಳು. ಒಳಗೆ ನಡೆದಳು. ಮೆಟ್ಟಿಲು ಹತ್ತಿ ತಿರುಗಿ ನೋಡಿದಾಗ ದತ್ತು ತೋಳು ಚಾಚಿ ಸಿದ್ಧನಾದ.

"ಅಪ್ಪಾ, ನೀ ಇನ್ನ ಆಫೀಸಿಗೆ ಹೋಗು," ಎಂದು ಹೇಳಿ ಒಳಗೆ ಹೋಗಿಬಿಟ್ಟಳು.

ತಾಯಂದಿರು ಮೂಗೊರೆಸಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಚದುರಿದರು. ದತ್ತು ಫೋನ್ ಕೈಯಲ್ಲಿ ಹಿಡಿದು ಅಲ್ಲಿಯೇ ನಿಂತ. ಅದು ರಿಂಗಾಗಲಿಲ್ಲ. ಕೆಟ್ಟಿರಬೇಕೆಂದು, ಕೈಗಾಡಿ ತಳ್ಳಿಕೊಂಡು ಬಂದ ಮಕಬೂಲಸಾಬನಿಗೆ ಹೇಳಿ ಒಮ್ಮೆ ರಿಂಗ್ ಮಾಡಿಸಿ ನೋಡಿದ, ಛಲೋ ರಿಂಗಾಯಿತು. ಒಳಗಿನಿಂದ ಮಕ್ಕಳು ಹಾಡುವುದು ಕೇಳಿಸಿತು, ಅದರಲ್ಲಿ ಗಾರ್ಗಿಯ ದನಿ ಎಲ್ಲಕ್ಕಿಂತ ಜೋರಾಗಿತ್ತು. ಮನೆಗೆ ಹೋಗಿ ಬಿಸಿ ಚಹಾ ಕುಡಿಯಬಹುದಿತ್ತು. ಆ ಮನೆಯಲ್ಲಿ ಈಗ ಯಾರೂ ಇಲ್ಲ ಎಂದು ನೆನಪಾಯಿತು. ದತ್ತು ತೆರೆದಿದ್ದ ತಗಡಿನ ಗೇಟಿನ ಹಿಂದೆ ಮೆಲ್ಲಗೆ ಸರಿದು, ಗೋಡೆಗೆ ಮುಖ ಮಾಡಿ ನಿಂತ.

ಸ್ವಲ್ಪ ಹೊತ್ತಿನ ಮೇಲೆ ವರಾಂಡದಲ್ಲಿ ಅಕ್ಕೋರು ಫೋನಿನಲ್ಲಿ ಮಾತಾಡುವುದು ಅವನಿಗೆ ಕೇಳಿಸಿತು.

"ಸುಲಭಾ ಅವರೇನ್ರಿ? ಇಲ್ಲಿ ಅಳಾಕತ್ತಾರ್ರಿ, ಒಂದೀಟು ಬಂದು ಕರಕೊಂಡು ಹೋಗ್ರಿ. ಇಲ್ರಿ, ಗಾರ್ಗಿ ಅಲ್ಲ. ಆಕಿ ಆಟಾ ಆಡಾಕತ್ತಾಳ."

ಸುಲಭಾ ಬ್ಯಾಂಕನ್ನು ಬೇರೆಯವರಿಗೆ ಒಪ್ಪಿಸಿ, ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹಿಡಿದು ಬರುವ ಹೊತ್ತಿಗೆ ಆಟದ ಬಿಡುವು. ಮಕ್ಕಳೆಲ್ಲ ಕಿಟಕಿಯ ಸರಳಿಗೆ ಜೋತುಬಿದ್ದಿದ್ದವು. ಗೇಟಿನ ಕೆಳಗೆ ಕಾಣುವ ಗಂಡಸಿನ ಚಪ್ಪಲಿಗಳನ್ನು ನೋಡಿ ಸುಲಭಾ ನಿಂತಳು. ನಗು ನುಂಗಿಕೊಂಡು ತಗಡನ್ನು ಬಡಿದಳು.

"ಮನ್ಯಾಗ ಯಾರರೆ ಇದ್ದೀರೇನ್ರಿ?"

ಗೇಟಿನ ಹಿಂದೆ ಮೂಗು ಎಳೆದ ಸಪ್ಪಳವಾಯಿತು.

"ಯಾರೂ ಇಲ್ಲ," ಎಂದ ದತ್ತು.

ಕಿಟಕಿಯಿಂದ ಗಾರ್ಗಿ ತಾಯಿಗೆ ಹೇಳಿಕೊಟ್ಟಳು: "ಅಮ್ಮಾ, ಮೂರ ಸಲಾ ಕೇಳಬೇಕು."