ಎಂಬತ್ತು ಹಸಿರು ಸೀರೆ, ಒಬ್ಬಳೇ ಸೋದರತ್ತೆ

ನಮ್ಮವರು ಫೌಂಡ್ರಿ ಕೆಲಸದ ಮೇಲೆ ನೈಜೀರಿಯಾದ ಇಬಾದಾನ್ ಎಂಬ ಊರಿನಲ್ಲಿ ನಾಲ್ಕು ವರ್ಷ ಇದ್ದರು. ಅವರ ಜೊತೆ ನಾನೂ ಇದ್ದೆ. ಆ ನಾಲ್ಕು ವರ್ಷದಲ್ಲಿ ಅವರು ಕಬ್ಬಿಣ ಕರಗುವುದನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಾನು ಮಾತ್ರ ಆ ದೇಶದ ರಾಷ್ಟ್ರೀಯ ಗುಣವನ್ನು ಆಳವಾಗಿ ಅಭ್ಯಾಸ ಮಾಡಿಕೊಂಡು ಬೆಳಗಾವಿಗೆ ಮರಳಿದೆ. ಹೀಗಾಗಿ ಖಾನಾಪುರದಲ್ಲಿ ಅಣ್ಣನ ಮಗಳು ಅಪೂರ್ವಾಳ ಮದುವೆ ಗೊತ್ತಾದಾಗ, ಇಡೀ ಬಳಗಕ್ಕೆ ಒಗ್ಗಟ್ಟು ಕಲಿಸುವ ಹೊಣೆ ನನ್ನದೇ ಎಂದು ನಾನು ಭಾವಿಸಿದ್ದು ಸಹಜವಾಗಿತ್ತು. ಕಲಿಸಿದೆ. ಆಮೇಲೆ ಏನಾಯಿತು ಎಂಬುದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳುವುದು ಒಳ್ಳೆಯದು. ಅವರು ಇನ್ನೂ ನಗುತ್ತಲೇ ಇದ್ದಾರೆ.

ಇಬಾದಾನಿನಲ್ಲಿ ನಮ್ಮ ಪಕ್ಕದ ಮನೆಯವರು ಮಾಮಾ ಟುಂಡೆ. ಅಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಸೇರಿಸಿ ಕರೆಯುವುದು ರೂಢಿ. ಮಾಮಾ ಅಂದರೆ ತಾಯಿ, ಟುಂಡೆ ಅಂದರೆ ಅವರ ಹಿರಿಯ ಮಗ. ಇದು ತಿಳಿಯದೆ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಫೋನಿನಲ್ಲಿ ಎರಡು ವರ್ಷ ಗಾಬರಿಯಾಗಿದ್ದರು. "ಶಕ್ಕು, ಗಂಡ ಫ್ಯಾಕ್ಟರಿಗೆ ಹೋದ ಮ್ಯಾಲೆ ದಿನಾ ಮನಿಗೆ ಬರೂ ಆ ಮಾಮಾ ಯಾರವಾ?" ಎಂದು ಕೊನೆಗೊಮ್ಮೆ ಕೇಳಿಯೇ ಬಿಟ್ಟರು.

ಮಾಮಾ ಟುಂಡೆಯವರಿಂದ ನಾನು ಕಲಿತದ್ದು ಬಹಳ. ಅವರ ಯೊರೂಬಾ ಭಾಷೆಯಲ್ಲಿ ಎಲ್ಲದಕ್ಕೂ ಒಂದು ನಮಸ್ಕಾರವಿದೆ. ಕೆಲಸ ಮಾಡುತ್ತಿರುವವರಿಗೆ ಒಂದು, ನಡೆಯುತ್ತಿರುವವರಿಗೆ ಒಂದು, ಸುಮ್ಮನೆ ಕುಳಿತವರಿಗೂ ಒಂದು! ಮನುಷ್ಯರನ್ನು ನೋಡಿಯೂ ನೋಡದಂತೆ ದಾಟಿ ಹೋಗುವುದು ಅಲ್ಲಿ ದೊಡ್ಡ ತಪ್ಪು. ಈ ಉದಾತ್ತ ಗುಣವನ್ನು ನಾನು ಬೆಳಗಾವಿಯ ನಮ್ಮ ರಾಮತೀರ್ಥ ನಗರದಲ್ಲಿ ಜಾರಿಗೆ ತಂದೆ. ಕಟ್ಟೆಯ ಮೇಲೆ ಕುಳಿತಿದ್ದ ಬಾಜೂ ಮನೆಯ ಪಾಟೀಲರಿಗೆ, "ಕುಂತಿದ್ದಕ್ಕ ಶುಭ ಆಗಲಿ ರೀ" ಎಂದೆ.

ಪಾಟೀಲರು ಎದ್ದು ನಿಂತರು. "ಯಾಕ್ರಿ ಬಾಯಾರ, ಇಲ್ಲಿ ಕುಂದರಬಾರದೇನು?"

ಅಂದಿನಿಂದ ಅವರು ಒಳಗೇ ಕೂರುತ್ತಾರೆ.

ಆದರೆ ನನ್ನ ಮನಸ್ಸನ್ನು ನಿಜವಾಗಿ ಗೆದ್ದದ್ದು ಅಲ್ಲಿಯ ಮದುವೆಯ ಬಟ್ಟೆ. 'ಆಶೋ ಎಬಿ' ಎನ್ನುತ್ತಾರೆ. ಮದುವೆ ಮನೆಯವರ ಕಡೆಯವರೆಲ್ಲ ಒಂದೇ ಥಾನಿನ ಬಟ್ಟೆ ಉಡುತ್ತಾರೆ. ಮಾಮಾ ಟುಂಡೆ ನನಗೂ ಒಂದು ತುಂಡು ನೀಲಿ ಬಟ್ಟೆ ಕೊಟ್ಟು ಮದುವೆಗೆ ಕರೆದೊಯ್ದಿದ್ದರು. ಮುನ್ನೂರು ಮಂದಿ ಒಂದೇ ನೀಲಿ! ಸಮುದ್ರವೇ ಎದ್ದು ಕುಣಿದಂತೆ! ಅಲ್ಲಿ ಯಾರೂ ನನ್ನನ್ನು ಯಾರು ಎಂದು ಕೇಳಲಿಲ್ಲ. ಬಟ್ಟೆ ನೋಡಿದರು, ತಟ್ಟೆ ಕೊಟ್ಟರು.

ವೈನಿಗೆ ಫೋನ್ ಮಾಡಿದೆ. "ವೈನಿ, ನಮ್ಮ ಕಡ್ಯಾವ್ರು ಎಲ್ಲಾರೂ ಒಂದ ಥರದ ಸೀರಿ ಉಡೂಣ್ರಿ."

"ಎಲ್ಲಾರೂ ಒಂದ ಸೀರಿ ಉಟ್ರ ಸಾಲಿ ಹುಡುಗ್ಯಾರ ಗತೆ ಕಾಣ್ತೀವಲ್ಲ, ಶಕ್ಕು? ಪ್ರಾರ್ಥನಾಕ್ಕ ನಿಂತಂಗ?"

"ವೈನಿ, ಇದು ಬರೇ ಸೀರಿ ಅಲ್ರಿ. ಇದು ಮೌಲ್ಯ! ನೈಜೀರಿಯಾದಾಗ..."

ನೈಜೀರಿಯಾ ಎಂಬ ಶಬ್ದ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಬೇಗ ಒಪ್ಪಿಬಿಡುತ್ತಾರೆ. ಒಪ್ಪದಿದ್ದರೆ ನಾನು ಮಾತು ಮುಂದುವರಿಸುತ್ತೇನೆಂದು ಅವರಿಗೆ ಗೊತ್ತು.

ಬೆಳಗಾವಿಯ ಶಹಾಪುರದ ಒಬ್ಬ ಮಗ್ಗದವರಲ್ಲಿಗೆ ಹೋದೆ. ಗಿಣಿ ಹಸಿರು ಮೈ, ಕುಂಕುಮ ಬಣ್ಣದ ಅಂಚು ಆರಿಸಿದೆ. "ಒಂದು ನಮೂನಿಗೆ ಎಂಬತ್ತು ಸೀರಿ ನೇಯಬೇಕಾಗ್ತದ್ರಿ" ಎಂದರು ಅವರು. ನಮ್ಮಲ್ಲಿ ಹೆಂಗಸರು ನಲವತ್ತೆಂಟು. ಉಳಿದ ಮೂವತ್ತೆರಡರ ಗತಿ?

"ಅವನ್ನ ನಾ ಹೆಂಗಾರ ಮಾಡಿ ದಾಟಸ್ತೀನಿ, ಚಿಂತಿ ಬ್ಯಾಡ್ರಿ."

ನಾನು ಚಿಂತೆ ಮಾಡಲಿಲ್ಲ. ಚಿಂತೆ ಮಾಡುವುದು ನನ್ನ ಸ್ವಭಾವವಲ್ಲ. ಅದನ್ನು ನನ್ನ ಸುತ್ತ ಇರುವವರು ಮಾಡುತ್ತಾರೆ.

ಮದುವೆಯ ದಿನ ಬೆಳಿಗ್ಗೆ ಖಾನಾಪುರದ ಮಂಗಲ ಕಾರ್ಯಾಲಯದ ಬಾಗಿಲಲ್ಲಿ ನಲವತ್ತೆಂಟು ಗಿಣಿ ಹಸಿರು ಸೀರೆ ಸಾಲಾಗಿ ನಿಂತವು. ಕಣ್ಣು ತುಂಬಿ ಬಂತು. ನಮ್ಮ ಮುದಿ ಚಿಕ್ಕಮ್ಮ ಕಾಕೂನಿಂದ ಹಿಡಿದು ಹದಿನಾರರ ಹುಡುಗಿಯವರೆಗೆ ಒಂದೇ ಬಣ್ಣ, ಒಂದೇ ಮನಸ್ಸು. ಮುಹೂರ್ತದಲ್ಲಿ ಮದುಮಗಳ ಹಿಂದೆ ದೀಪ ಹಿಡಿದು ನಿಲ್ಲುವ ಮಾನ ನಮ್ಮ ಮನೆತನದಲ್ಲಿ ಸೋದರತ್ತೆಯದು, ಅಂದರೆ ನನ್ನದು. ಅದಕ್ಕೆಂದೇ ನಾನು ಸೆರಗನ್ನು ಎರಡು ಸಲ ಇಸ್ತ್ರಿ ಮಾಡಿಸಿದ್ದೆ.

ಅಷ್ಟರಲ್ಲಿ ನಂದಗಡದಿಂದ ಅಡುಗೆಯವರ ಟೆಂಪೋ ಬಂತು. ಹಿಂದಿನ ಹಲಗೆ ಬಿಚ್ಚಿದರು. ಒಬ್ಬ ಹೆಂಗಸು ಇಳಿದಳು. ಗಿಣಿ ಹಸಿರು ಸೀರೆ, ಕುಂಕುಮ ಅಂಚು. ಇನ್ನೊಬ್ಬಳು ಇಳಿದಳು. ಗಿಣಿ ಹಸಿರು, ಕುಂಕುಮ. ಮೂರನೆಯವಳು. ನಾಲ್ಕನೆಯವಳು. ನಾನು ಎಣಿಸುವುದನ್ನು ನಿಲ್ಲಿಸಿದೆ. ಎಷ್ಟಾಗುತ್ತದೆಂದು ನನಗೆ ಗೊತ್ತಿತ್ತು!

"ಏನಿದು?" ಎಂದೆ ಅಡುಗೆ ಗುತ್ತಿಗೆದಾರ ಬಸಪ್ಪನಿಗೆ.

"ಯೂನಿಫಾರ್ಮ್ ರೀ!" ಎಂದು ಬಸಪ್ಪ ಹೆಮ್ಮೆಯಿಂದ ಹೇಳಿದ. "ಶಹಾಪುರದಾಗ ಒಬ್ಬರ ಕಡೆ ಮೂವತ್ತೆರಡು ಸೀರಿ ಉಳಿದಿದ್ದೂ. ಎಲ್ಲಾರಿಗೂ ಒಂದ ಥರ ಇದ್ರ ಶಿಸ್ತು ಕಾಣ್ತೈತಿ ನೋಡ್ರಿ!"

ವೈನಿ ನನ್ನ ಪಕ್ಕ ಬಂದು ನಿಂತರು. ಟೆಂಪೋದಿಂದ ಇಳಿದವರನ್ನು ತುದಿಯಿಂದ ತುದಿಗೆ ನೋಡಿದರು. ಆಮೇಲೆ ತಣ್ಣಗೆ, "ಶಕ್ಕು, ನಮ್ಮ ಬಳಗ ಇಷ್ಟ ದೊಡ್ಡದೈತಿ ಅಂತ ನನಗ ಗೊತ್ತಿರಲಿಲ್ಲವಾ" ಎಂದರು.

ಪರಿಸ್ಥಿತಿಯನ್ನು ಹತೋಟಿಗೆ ತರಲು ನಾನು ತಕ್ಷಣ ಕ್ರಮ ಕೈಗೊಂಡೆ. ನಮ್ಮ ಕಡೆಯವರೆಲ್ಲ ತಲೆಗೆ ಮಲ್ಲಿಗೆ ಮಾಲೆ ಮುಡಿಯಬೇಕು, ಅಡುಗೆಯವರು ಮುಡಿಯಬಾರದು. ಹೂವಿನ ಬುಟ್ಟಿಯನ್ನು ಅಣ್ಣನ ಕೈಗೆ ಕೊಟ್ಟು, "ಅಣ್ಣಾ, ಹಸಿರು ಸೀರಿ ಉಟ್ಟಾವ್ರಿಗೆಲ್ಲಾ ಒಂದೊಂದು ಮಾಲಿ ಕೊಡು" ಎಂದೆ.

ಅಣ್ಣ ಬಹಳ ನಿಷ್ಠಾವಂತ ಮನುಷ್ಯ. ಹಸಿರು ಸೀರೆ ಉಟ್ಟವರಿಗೆಲ್ಲ ಕೊಟ್ಟ. ಅಡುಗೆ ಮನೆಗೇ ಹೋಗಿ ಕೊಟ್ಟು ಬಂದ!

ಈಗ ಎಂಬತ್ತು ಮಂದಿಗೂ ಸೀರೆ ಒಂದೇ, ಹೂವೂ ಒಂದೇ. ಸರಿ, ಖುದ್ದಾಗಿ ಬಸಪ್ಪನ ಹತ್ತಿರ ಮಾತಾಡೋಣವೆಂದು ನಾನು ಹಿಂದಿನ ಬಾಗಿಲಿಂದ ಅಡುಗೆ ಮನೆಗೆ ಹೋದೆ. ಬಸಪ್ಪ ದೊಡ್ಡ ಕಡಾಯಿಯಲ್ಲಿ ಶಿರಾ ತಿರುವುತ್ತಿದ್ದ. ತಲೆ ಎತ್ತಲಿಲ್ಲ.

"ಏ ಅಕ್ಕಾ, ಎಲ್ಲಿ ಹೋಗಿದ್ದಿ? ನಾಷ್ಟಾ ಪಂಕ್ತಿ ಕುಂತೈತಿ. ಹಿಡಿ ಈ ಬಕೀಟ!"

"ನಾ ಮದುಮಗಳ ಸೋದರತ್ತಿ!"

"ಮುಂಜಾನಿಂದ ನೀ ಮೂರನೇ ಸೋದರತ್ತಿ" ಎಂದ ಬಸಪ್ಪ ಬೇಸರದಿಂದ. "ಕೆಲಸ ತಪ್ಪಸಾಕ ಒಬ್ಬೊಬ್ಬರು ಒಂದೊಂದು ಸಂಬಂಧ ಹೇಳ್ತೀರಿ. ನಡಿ, ನಡಿ, ಶಿರಾ ಆರ್ತೈತಿ!"

ಹಿಂದಿನಿಂದ ಇನ್ನೊಬ್ಬಳು ಉಪ್ಪಿಟ್ಟಿನ ಬಕೀಟು ಹಿಡಿದು ತಳ್ಳಿದಳು. ನಿಂತು ವಾದಿಸುವುದಕ್ಕಿಂತ ನಡೆಯುವುದೇ ಸುಲಭವಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಾನು ಊಟದ ಹಾಲಿನಲ್ಲಿದ್ದೆ. ನೂರೈವತ್ತು ತಟ್ಟೆಗಳು ನನ್ನನ್ನೇ ನೋಡುತ್ತಿದ್ದವು. ಒಂದು ತಟ್ಟೆಗೆ ಹಾಕಿದರೆ ಪಕ್ಕದವರಿಗೆ ಹಾಕದೆ ಹೇಗೆ ಬಿಡುವುದು? ಬಡಿಸುತ್ತಾ ಹೋದೆ. ನಿಜ ಹೇಳಬೇಕೆಂದರೆ ಕೈ ಚೆನ್ನಾಗಿ ಕೂತಿತು.

ಮೂರನೆಯ ಸಾಲಿನಲ್ಲಿ ಪರಿಚಿತ ಬೋಳು ತಲೆ ಕಂಡಿತು. ನಮ್ಮವರು! ಸಕ್ಕರೆ ಕಾಯಿಲೆ ಇರುವುದರಿಂದ ಕಳೆದ ಆರು ವರ್ಷದಿಂದ ಸಿಹಿಯನ್ನು ಮುಟ್ಟಿಲ್ಲವೆಂದು ನನ್ನ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದವರು. ಅವರ ತಟ್ಟೆಯಲ್ಲಿ ಉಪ್ಪಿಟ್ಟು ಮೂಲೆಯಲ್ಲಿ ಹೆದರಿ ಕುಳಿತಿತ್ತು. ನಾನು ಒಂದು ಸೌಟು ಶಿರಾ ಹಾಕಿದೆ.

ನಮ್ಮವರು ತಲೆ ಎತ್ತದೆ, ಪಿಸುಮಾತಿನಲ್ಲಿ ಹೇಳಿದರು: "ಇನ್ನೊಂದೀಟು ಹಾಕ್ರಿ ಅಕ್ಕಾರ, ಲಗೂ. ನಮ್ಮಾಕಿ ನೋಡೂದ್ರಾಗ."

ಹತ್ತೊಂಬತ್ತು ವರ್ಷದ ಸಂಸಾರ! ಎರಡು ಅಡಿ ದೂರದಲ್ಲಿ ನಿಂತ ಹೆಂಡತಿಗೆ ಅಕ್ಕಾರ!

"ಹಾಕ್ತೀನ್ರಿ ಅಣ್ಣಾರ" ಎಂದೆ. "ಎಷ್ಟು ಸೌಟು? ದಿನಾ ಎಲ್ಲೆ ಎಷ್ಟು ತಿಂತೀರಿ, ಅದನ್ನೂ ಹೇಳಿಬಿಡ್ರಿ!"

ಅವರು ತಲೆ ಎತ್ತಿದರು. ಶಿರಾ ಗಂಟಲಲ್ಲಿ ನಿಂತಿತು. ಮುಂದಿನ ಹತ್ತು ನಿಮಿಷ ನಾನು ಸೌಟು ಹಿಡಿದುಕೊಂಡು ಏನೇನು ಮಾತಾಡಿದೆನೋ ನನಗೆ ನೆನಪಿಲ್ಲ. ನಾಷ್ಟಾಕ್ಕೆ ಕೂತಿದ್ದ ಬೀಗರ ಕಡೆಯವರಿಗೆ ನೆನಪಿದೆ. ಗೋಕಾಕದಿಂದ ಬಂದ ಒಬ್ಬ ಹಿರಿಯರು, "ಇಲ್ಲಿ ಬಡಸಾವ್ರು ಭಾಳ ಕಡಕ್ ಅದಾರು" ಎಂದು ಪಕ್ಕದವರಿಗೆ ಹೇಳಿ ತಮ್ಮ ಶಿರಾವನ್ನು ಬಿಡದೆ ತಿಂದು ಮುಗಿಸಿದರಂತೆ.

ಈ ಸಾಂಸಾರಿಕ ವಿಚಾರಣೆ ನಡೆಯುತ್ತಿದ್ದಾಗಲೇ ಅತ್ತ ಮಂಟಪದಲ್ಲಿ ಆಚಾರ್ಯರು, "ಸೋದರತ್ತೀನ್ನ ಕರೀರಿ, ಮುಹೂರ್ತ ಮೀರ್ತದ" ಎಂದು ಕೂಗಿದರು. ಅಣ್ಣ ದಿಕ್ಕೆಟ್ಟು ಓಡಿ ಬಂದ. ಗಾಬರಿಯಲ್ಲಿ ಕನ್ನಡಕವನ್ನು ಎಲ್ಲೋ ಬಿಟ್ಟಿದ್ದ. ನೀರಿನ ತಂಬಿಗೆ ತರುತ್ತಿದ್ದ ಒಂದು ಹಸಿರು ಸೀರೆ ಎದುರಾಯಿತು. "ಬಾ, ಬಾ, ಲಗೂ ಬಾ!" ಎಂದು ಕೈ ಹಿಡಿದು ಎಳೆದೊಯ್ದು ಮದುಮಗಳ ಹಿಂದೆ ನಿಲ್ಲಿಸಿದ. ದೀಪ ಕೊಟ್ಟ.

ವಾದ್ಯ ಜೋರಾಯಿತು. ಬಕೀಟು ಸಮೇತ ಓಡಿದೆ. ಬಾಗಿಲಲ್ಲಿ ನಿಂತು ನೋಡುತ್ತೇನೆ, ನನ್ನ ಜಾಗದಲ್ಲಿ ಅಡುಗೆಯವರ ಪೈಕಿ ಒಬ್ಬಳು, ತಂಗೆವ್ವ ಎಂದು ಆಮೇಲೆ ಹೆಸರು ತಿಳಿಯಿತು! ಅರವತ್ತು ದಾಟಿದ ಮುಖ, ನೆಟ್ಟಗೆ ಬೆನ್ನು, ಎರಡೂ ಕೈಯಲ್ಲಿ ದೀಪ. ಒಂದಿಷ್ಟೂ ಅಲುಗದಂತೆ ಹಿಡಿದಿದ್ದಳು. ಇಸ್ತ್ರಿ ಮಾಡದ ಸೆರಗಿನಲ್ಲೂ ನನಗಿಂತ ಚೆನ್ನಾಗಿ ಸೋದರತ್ತೆಯಂತೆ ಕಾಣುತ್ತಿದ್ದಳು. ಅಕ್ಕಿಕಾಳು ಬಿದ್ದವು. ನಾನೂ ಯಾರದೋ ಕೈಯಿಂದ ಒಂದು ಹಿಡಿ ತೆಗೆದುಕೊಂಡು ಎಸೆದೆ. ಅಂಗೈಯೆಲ್ಲ ಶಿರಾದ ಅಂಟು. ಒಂದು ಕಾಳೂ ಬೀಳಲಿಲ್ಲ!

ಇಷ್ಟಕ್ಕೇ ಮುಗಿಯಲಿಲ್ಲ. ಬೀಗತಿ, ಅಂದರೆ ಮದುಮಗನ ತಾಯಿ, ಸೋದರತ್ತೆಗೆಂದು ತಂದಿದ್ದ ನೇರಳೆ ರೇಷ್ಮೆ ಸೀರೆಯನ್ನು ತಂಗೆವ್ವನ ಕೈಗೆ ಕೊಟ್ಟು ಕಾಲಿಗೆ ಬಿದ್ದರು.

ತಂಗೆವ್ವ ಹಿಂದೆ ಸರಿದಳು. "ಅಯ್ಯ, ಬ್ಯಾಡ್ರಿ! ನಾ ಅಡಗಿ ಮಾಡಾಕಿ ರೀ!"

"ಎಷ್ಟು ಸಾದಾ ಮಂದಿ ನೋಡ್ರಿ ಇವರು!" ಎಂದು ಬೀಗತಿ ಕಣ್ಣು ಒರೆಸಿಕೊಂಡರು. "ನಾವೂ ಮನಿಯಾಗ ಅಡಗಿ ಮಾಡಾವ್ರ ರೀ ಅಕ್ಕಾರ. ನಮ್ಮ ಸಂಬಂಧ ಛಲೋ ಕೂಡಿತು!"

ಆಗ ಫೋಟೋದವನು ಮೈಕಿನಲ್ಲಿ, "ಮನಿ ಮಂದಿ, ಹಸಿರು ಸೀರಿಯವರು ಎಲ್ಲಾರೂ ಮ್ಯಾಲೆ ಬರ್ರಿ" ಎಂದ. ಎಂಬತ್ತು ಮಂದಿ ಹತ್ತಿದರು. ಅಡುಗೆಯವರನ್ನು ತಡೆಯಲು ನಾನು ಧಾವಿಸಿದೆ. ವೈನಿ ನನ್ನ ರಟ್ಟೆ ಹಿಡಿದರು.

"ಸುಮ್ಮ ನಿಂದರು. ಅವರನ್ನ ಇಳಸಾಕ ಹೋಗಿ ನಮ್ಮ ಕಾಕೂನ್ನ ಇಳಸಿದಿ ಅಂದ್ರ ಏನ್ ಮಾಡ್ತಿ?"

ಹಾಗೆ ಹೇಳಿ ವೈನಿ ನಗತೊಡಗಿದರು. ಎಷ್ಟು ನಕ್ಕರೆಂದರೆ ಮದುಮಗಳ ತಾಯಿ ಅಳುತ್ತಿದ್ದಾಳೆಂದು ತಿಳಿದು ಯಾರೋ ಕರವಸ್ತ್ರ ಕೊಟ್ಟರು. ನಾನು ಫೋಟೋದ ಅಂಚಿನಲ್ಲಿ ನಿಂತೆ. ಚಿತ್ರದಲ್ಲಿ ನನ್ನ ಮೊಣಕೈ ಮತ್ತು ಬಕೀಟು ಸ್ಪಷ್ಟವಾಗಿ ಬಂದಿವೆ.

ಆ ಫೋಟೋವನ್ನು ಫೋನಿನಲ್ಲಿ ಮಾಮಾ ಟುಂಡೆಗೆ ಕಳಿಸಿದೆ. ಕ್ಷಣದಲ್ಲಿ ಅವರ ಧ್ವನಿ ಸಂದೇಶ ಬಂತು, ಅಲ್ಲಿಂದಲೇ ಕುಣಿಯುತ್ತಿರುವಂತೆ. "ಅಬ್ಬಾ! ಎಂಥ ದೊಡ್ಡ ಕುಟುಂಬ! ಮಧ್ಯದಲ್ಲಿ ದೀಪ ಹಿಡಿದು ನಿಂತವರು ಮನೆಯ ಹಿರಿಯರಲ್ಲವೇ? ಎಂಥ ಗಾಂಭೀರ್ಯ!" ನಾನು ನಾಚಿಕೆಯಿಂದ ನಿಜ ತಿಳಿಸಿದೆ, ಮೂವತ್ತೆರಡು ಮಂದಿ ಅಡುಗೆಯವರು ಎಂದು. "ಅದಕ್ಕೇನಾಯಿತು?" ಎಂದರು ಅವರು. "ನಿಮ್ಮ ಹುಡುಗಿಯ ಮದುವೆಗೆಂದು ಎಲ್ಲರಿಗಿಂತ ಮೊದಲು ಎದ್ದವರು ಅವರೇ ಅಲ್ಲವೇ?" ಸ್ವಲ್ಪ ತಡೆದು ಇನ್ನೊಂದು ಸಂದೇಶ ಬಂತು. "ಅದಿರಲಿ, ನೀನೇಕೆ ಮದುವೆಗೆ ಹೋಗಲಿಲ್ಲ?"

ಮಧ್ಯಾಹ್ನ ಮಾಂಡೆಯ ಸಿಹಿಯೂಟ ಮುಗಿದ ಮೇಲೆ ತಂಗೆವ್ವ ನನ್ನನ್ನು ಹುಡುಕಿಕೊಂಡು ಬಂದಳು. ನೇರಳೆ ಸೀರೆಯನ್ನು ಮುಂದೆ ಹಿಡಿದಳು. "ತಗೋರಿ ಬಾಯಾರ, ಇದು ನಿಮ್ಮದು. ಸಾಹೇಬರು ಎಳಕೊಂಡು ಹೋದ್ರು, ನನಗ ಬಾಯಿ ಬರಲಿಲ್ಲ."

"ದೀಪ ಹಿಡಿದು ಕೈ ನೋಯಲಿಲ್ಲೇನು?" ಎಂದೆ, ಏನು ಹೇಳಬೇಕೋ ತಿಳಿಯದೆ.

"ಇಲ್ರಿ." ಅವಳು ಸೀರೆಯ ಅಂಚನ್ನು ಸವರಿದಳು. "ನನ್ನ ಮಗಳ ಮದಿವ್ಯಾಗೂ ಒಲಿ ಮುಂದ ಇದ್ದೆ. ಅಕ್ಕಿಕಾಳು ಬೀಳೂದನ್ನ ಇಷ್ಟ ಹತ್ರದಿಂದ ನೋಡಿದ್ದು ಇವತ್ತ ರೀ."

ನಾನು ಸೀರೆ ನೋಡಿದೆ. ಒಳ್ಳೆಯ ರೇಷ್ಮೆ. ನನಗೆ ಒಪ್ಪುವ ಬಣ್ಣ. ಇಡೀ ದಿನದಲ್ಲಿ ಮೊದಲ ಬಾರಿಗೆ ನಾನು ಯಾವ ದೇಶದ ಹೆಸರನ್ನೂ ಎತ್ತದೆ ಒಂದು ಮಾತು ಹೇಳಿದೆ. "ದೀಪ ಹಿಡಿದಾವ್ರು ನೀವು. ನೀವ ಉಡ್ರಿ." ಹೇಳುವಾಗ ಒಳಗೆ ಏನೋ ಪರ್ರನೆ ಹರಿದಂತಾಯಿತು. ಅವಳು ಅದನ್ನು ಎದೆಗೆ ಒತ್ತಿಕೊಂಡು ನಿಂತ ರೀತಿ ನೋಡಿದ ಮೇಲೆ ಮರಳಿ ಕೇಳುವ ದಾರಿಯೂ ಉಳಿಯಲಿಲ್ಲ.

ಸಂಜೆ ಬೆಳಗಾವಿಗೆ ಹೊರಟಾಗ ನಮ್ಮವರು ಕಾರಿನಲ್ಲಿ ಬಹಳ ವಿನಯದಿಂದ ಕೂತಿದ್ದರು. ಟೆಂಪೋ ತುಂಬಿಸುತ್ತಿದ್ದ ಬಸಪ್ಪ ನಮ್ಮತ್ತ ಓಡಿ ಬಂದ. ಕ್ಷಮೆ ಕೇಳುತ್ತಾನೆಂದು ನಾನು ಮುಖವನ್ನು ಉದಾರವಾಗಿ ಇಟ್ಟುಕೊಂಡು ಗಾಜು ಇಳಿಸಿದೆ.

"ಅಕ್ಕಾರ, ಬರೂ ಐತವಾರ ಜಾಂಬೋಟಿ ಕಡೆ ಒಂದು ಕಾರ್ಯ ಐತಿ" ಎಂದ. "ಬರ್ತೀರೇನು? ಕೈ ಛಲೋ ಐತಿ ನಿಮ್ಮದು, ಒಂದು ಹನಿ ಚೆಲ್ಲಲಿಲ್ಲ. ಆದ್ರ ಉಣ್ಣಾಕ ಕುಂತಾವ್ರನ್ನ ಬೈಯೂದು ಒಂದು ಬಿಡಬೇಕ್ರಿ. ಮೊದಲು ಎರಡು ಕಾರ್ಯ ನೋಡ್ತೀನಿ. ಸುಧಾರಿಸಿದ್ರ ಕಾಯಂ ಮಾಡ್ತೀನಿ!"

ನಮ್ಮವರು ಕಿಟಕಿಯ ಆಚೆ ಮುಖ ತಿರುಗಿಸಿದರು. ಅವರ ಭುಜಗಳು ಮಾತ್ರ ಕುಣಿಯುತ್ತಿದ್ದವು.

ನಾನು ಗಂಭೀರವಾಗಿ ಗಾಜು ಏರಿಸಿದೆ. ಕಾರು ಖಾನಾಪುರ ದಾಟಿತು. ಆಮೇಲೆ ತಡೆಯಲಾಗದೆ ನಾನೇ ಕೇಳಿದೆ.

"ರೀ, ಖರೇ ಹೇಳ್ರಿ, ನನ್ನನ್ನ ಕಾಯಂ ಮಾಡ್ತಾನ ಅಂತೀರೇನು?"