ಜರ್ಮನಿಯಲ್ಲಿದ್ದ ನಮ್ಮ ಮಾವ

ನಮ್ಮ ಸೋದರಮಾವ ಹುಬ್ಬಳ್ಳಿ ದಾಟಿ ಆಚೆ ಹೋದವರಲ್ಲ. ಆದರೂ ಗಜೇಂದ್ರಗಡದ ತಮ್ಮ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತೇ ಎಷ್ಟೋ ದಿನ ಜರ್ಮನಿಯಲ್ಲಿ ವಾಸವಾಗಿದ್ದರು. ಸರಕಾರ ಹಾಗೇ ತಿಳಿದುಕೊಂಡಿದೆ ಎಂದು ಅವರ ನಂಬಿಕೆ.

ಇದಕ್ಕೆ ಕಾರಣ ಅವರ ಮೊಬೈಲಿನ ವಿಪಿಎನ್. ನಾವು ಎಲ್ಲಿಂದ ಇಂಟರ್‌ನೆಟ್ ನೋಡುತ್ತಿದ್ದೇವೆ ಎಂಬುದನ್ನು ಮರೆಮಾಚಿ, ಬೇರೆ ದೇಶದಲ್ಲಿದ್ದಂತೆ ತೋರಿಸುವ ಆ್ಯಪ್ ಅದು. ಗೊಬ್ಬರ ಮಾರುವವರಿಗೆ ಅಂಥ ಗುಟ್ಟೇನಿದ್ದೀತು?

“ಸರಕಾರ ಎಲ್ಲಾರನ್ನೂ ನೋಡ್ತಿರ್ತೈತಿ” ಎಂದರು ದನಿ ತಗ್ಗಿಸಿ.

“ನಿಮ್ಮನ್ನ ನೋಡಿ ಏನ್ ಮಾಡ್ತೈತಿ ಮಾಮಾ?”

“ಅದನ್ನ ಅದಕ್ಕ ಕೇಳಬೇಕು.”

ಒಮ್ಮೆ ನರಗುಂದದಲ್ಲಿ ಅವರ ಸ್ಕೂಟರ್ ಪಂಕ್ಚರ್ ಆಯಿತು. ಹತ್ತಿರದ ಅಂಗಡಿ ಯಾವುದೆಂದು ಮೊಬೈಲಿಗೆ ಕೇಳಿದರೆ ಅದು ಜರ್ಮನಿಯ ಅಂಗಡಿಗಳನ್ನು ತೋರಿಸಿತು. ಆ್ಯಪ್ ಬಂದ್ ಮಾಡಲು ಮಾವ ಒಪ್ಪಲಿಲ್ಲ. ಯಾರಿಗೂ ಗೊತ್ತಾಗಬಾರದೆಂದು ನಡುಮಧ್ಯಾಹ್ನ ಇಡೀ ಪೇಟೆ ನೋಡುತ್ತಿರುವಾಗ ಸ್ಕೂಟರ್ ನೂಕಿಕೊಂಡು ಹೋದರು.

ಇಂಥವರು ಒಂದು ದಿನ ಖರೇ ಗುಟ್ಟಿನ ಕೆಲಸ ಮಾಡಿದರು. ನಮ್ಮ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಡ್ರೈವರ್ ಇಲ್ಲದೆ ಆಂಬ್ಯುಲೆನ್ಸ್ ಧೂಳು ತಿನ್ನುತ್ತಿತ್ತು. ಪುರ್ತಗೇರಿ ಕಡೆಯ ಹೆಣ್ಣುಮಗಳೊಬ್ಬಳಿಗೆ ಟ್ರ್ಯಾಕ್ಟರಿನಲ್ಲೇ ಹೆರಿಗೆಯಾಯಿತು. ಮಾವ ಆ ಗಾಡಿಯ ಫೋಟೋ ಹಾಕಿ, ‘ಅನಾಮಿಕ’ ಎಂಬ ಹೆಸರಿನಲ್ಲಿ ಊರಿನ ಆನ್‌ಲೈನ್ ಸುದ್ದಿಪುಟಕ್ಕೆ ಬರೆದರು. ಬರೆದದ್ದು ಎಲ್ಲರ ಮೊಬೈಲಿಗೂ ಹೋಯಿತು.

ಕೆಲವೇ ದಿನಗಳಲ್ಲಿ ಅಂಗಡಿಗೆ ಪೊಲೀಸರೊಬ್ಬರು ಬಂದರು. “ಸಾವ್ಕಾರ್ರ, ಅದನ್ನ ಬರದವರು ನೀವ ಅಲ್ರಿ?”

ಮಾವ ಮೊಬೈಲನ್ನು ಬೀಜದ ಚೀಲದ ಹಿಂದೆ ಸರಿಸಿದರು. “ವಿಪಿಎನ್ ಒಡದ್ರೇನ್ರಿ?”

“ಅದನ್ಯಾಕ ಒಡೀಬೇಕ್ರಿ? ಅನಾಮಿಕನ ಖಾತೆ ನಿಮ್ಮ ಮೊಬೈಲ್ ನಂಬರಿನ ಮ್ಯಾಲೈತಿ. ಫೋಟೋದಾಗ ಆಂಬ್ಯುಲೆನ್ಸಿನ ಗಾಜಿನ್ಯಾಗ ನೀವ ಕಾಣ್ತೀರಿ. ಕಡೀಕ ‘ಮಾನ್ಯರೇ, ಇದು ನಿಮಗೆ ಶೋಭಿಸುವುದಿಲ್ಲ’ ಅಂತ ಬ್ಯಾರೆ ಬರದೀರಿ. ಚೌಕಾಸಿ ಮಾಡಾವ್ರಿಗೆಲ್ಲಾ ನೀವು ಅನ್ನೂದು ಅದನ್ನ.”

ಪಾಪ, ಆ್ಯಪ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಮಾವ ಎಲ್ಲಿದ್ದಾರೆಂದು ಅದು ಬಾಯಿ ಬಿಡಲಿಲ್ಲ. ಯಾರೆಂದು ಮಾವನೇ ಹೇಳಿಬಿಟ್ಟಿದ್ದರು.

“ದವಾಖಾನಿ ಮ್ಯಾಲಿನವ್ರು ದೂರು ಕೊಟ್ಟಾರ. ಅಳಿಸಿಬಿಡ್ರಿ, ನಿಮ್ಮ ಹೆಸರು ನಾ ಹೇಳಂಗಿಲ್ಲ, ಮುಗದ ಹೋಗ್ತೈತಿ” ಎಂದರು ಪೊಲೀಸರು.

“ಬರದದ್ದು ಸುಳ್ಳೇನ್ರಿ?”

“ಖರೇ ಐತಿ ಅಂತನ ದೂರು ಬಂದದ್ರಿ.”

ಸಂಜೆ ಮಾವ ಚಹಾ ಮುಟ್ಟದೆ ಕೂತಿದ್ದರು. ನನಗೆ ನಗು. “ಇಷ್ಟು ಹೆದರವ್ರು ಬರದದ್ದರ ಯಾಕ ಮಾಮಾ?”

ಅವರು ಅಡುಗೆಮನೆಯ ಕಡೆ ನೋಡಿದರು. “ನನಗೇನ್ ಮಾಡ್ತಾರೋ? ನಿಮ್ಮತ್ತಿ ಅದ ದವಾಖಾನ್ಯಾಗ ನರ್ಸ್ ಅದಾಳ. ಮ್ಯಾಲಿನವ್ರಿಗೆ ನನ್ನ ಹೆಸರು ಗೊತ್ತಾದ್ರ ಆಕೀನ್ನ ಎಲ್ಲಿಗರ ಒಗೀತಾರ. ಆ ಹೆರಿಗೀ ದಿನಾ ಆಕಿ ಮನಿಗೆ ಬಂದು ಭಾಳ ಅತ್ಲು. ನೋಡಿ ಸುಮ್ನಿರಾಕ ಆಗಲಿಲ್ಲ.”

ಅಷ್ಟರಲ್ಲಿ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಅಳಸಬ್ಯಾಡ್ರಿ. ಕೆಳಗ ನಿಮ್ಮ ಹೆಸರು ಹಾಕ್ರಿ. ಬಾಜೂಕ ನಂದೂ ಹಾಕ್ರಿ.”

ಮಾವ ಹಾಕಿದರು. ಆಂಬ್ಯುಲೆನ್ಸಿಗೆ ಡ್ರೈವರ್ ಬಂದ. ಹಿಂದೆಯೇ ಅತ್ತೆಗೆ ದೂರದ ಅಸೂಟಿ ಹಳ್ಳಿಗೆ ವರ್ಗವೂ ಬಂತು. ಈಗ ಮಾವ ದಿನಾ ಬೆಳಿಗ್ಗೆ ಅವರನ್ನು ಸ್ಕೂಟರಿನಲ್ಲಿ ಅಲ್ಲಿಗೆ ಬಿಟ್ಟುಬಂದು, ತಡವಾಗಿ ಅಂಗಡಿ ತೆರೆಯುತ್ತಾರೆ.

“ಬಸ್ ಇಲ್ಲೇನ್ ಮಾಮಾ?” ಎಂದೆ ಮೊನ್ನೆ.

“ಐತಿ” ಎಂದರು. “ಇಷ್ಟು ವರ್ಷ ಆಕಿ ದವಾಖಾನ್ಯಾಗ, ನಾ ಅಂಗಡ್ಯಾಗ. ಇಬ್ರೂ ಕೂಡಿ ಮಾತಾಡಿದ್ದ ಕಡಿಮಿ. ಈಗ ದಾರ್ಯಾಗ ಮಾತಾಡ್ಕೊಂತ ಹೋಗ್ತೀವಿ.”