ಮೂವತ್ತೆಂಟು ಸಹಿ

ಬೋರ್ಡು ಬರೆಯುವವನಿಗೆ ಅಂದು ಬೇಕಾಗಿದ್ದುದು ಒಂದೇ ಒಂದು ಸಹಿ.

ಇಪ್ಪತ್ತು ವರ್ಷ ಅಂಗಡಿಗಳ ನೆತ್ತಿಯ ಮೇಲೆ ಅಕ್ಷರ ಬರೆದು, ಏಣಿ ಹತ್ತಲು ಮೊಣಕಾಲು ಒಲ್ಲೆನೆಂದ ಮೇಲೆ, ಹೆಂಡತಿಯ ಮಾತು ಕೇಳಿ ಚಿತ್ರಕಲೆಯ ಮೇಷ್ಟ್ರಾಗುವ ತರಬೇತಿಗೆ ಸೇರಿದ್ದ. ಜೊತೆಯಲ್ಲಿ ಕಲಿಯುವವರು ಅವನನ್ನು ಅಜ್ಜ ಎನ್ನುತ್ತಿದ್ದರು. ನಲವತ್ನಾಲ್ಕರ ಅವನು ಅದಕ್ಕೂ ಓಗೊಡುತ್ತಿದ್ದ. ಈಗ ಹೈಸ್ಕೂಲಿನ ಚಿತ್ರಕಲಾ ತರಗತಿಯೊಂದರ ಹಿಂದಿನ ಬೆಂಚಿನಲ್ಲಿ ಕೂತು, ಕಂಡದ್ದನ್ನು ವೀಕ್ಷಣಾ ಹಾಳೆಯಲ್ಲಿ ಬರೆದು, ಅಲ್ಲಿನ ಮೇಡಂ ಕೈಲಿ ಸಹಿ ಹಾಕಿಸಿ, ಸಂಜೆ ಐದರೊಳಗೆ ತರಬೇತಿ ಕಾಲೇಜಿಗೆ ಒಪ್ಪಿಸಬೇಕು. ತಪ್ಪಿದರೆ ವರ್ಷವೇ ಹೋಯಿತು. ಕೊನೆಯ ದಿನದವರೆಗೂ ಕಾದಿದ್ದ. ಮೇಷ್ಟ್ರಾಗಲು ಹೊರಟವನಿಗೆ ಮಕ್ಕಳೆಂದರೆ ಭಯ.

ಹಾಳೆಯ ತಲೆಯಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ವೀಕ್ಷಕರು ಮಾತನಾಡಕೂಡದು; ಪಾಠಕ್ಕೆ ಅಡ್ಡಿಪಡಿಸಿದರೆ ಹಾಳೆ ರದ್ದು.

"ನಿಮಗೆ ಕಷ್ಟ ಆಗೋದು ಇದೇ," ಎಂದಿದ್ದಳು ಹೆಂಡತಿ. "ದಾರೀಲಿ ಹೋಗೋ ನಾಯೀನೂ ನಿಲ್ಲಿಸ್ಕೊಂಡು ಮಾತಾಡಿಸ್ತೀರ. ಇವತ್ತೊಂದಿನ ಬಾಯಿಗೆ ಹೊಲಿಗೆ ಹಾಕ್ಕೊಳ್ಳಿ."

ಗಂಟೆ ಬಾರಿಸುವ ಮೊದಲೇ ಹೋದ. ಕೋಣೆಯಲ್ಲಿ ಪೆನ್ಸಿಲ್ ಹೊಟ್ಟಿನ ವಾಸನೆ. ಕೈತೊಳೆಯುವ ತೊಟ್ಟಿ ಏಳೆಂಟು ಬಣ್ಣ ಕುಡಿದು ಕೂತಿತ್ತು. ಹಿಂದಿನ ಬೆಂಚಿನ ಮೇಲೆ ಹಾಳೆ, ಪೆನ್ನು ಇಟ್ಟ. ಹೆಸರಿನ ಜಾಗ ಖಾಲಿ ಬಿಟ್ಟ. ಕೊನೆಗೆ ನೆರಳು ಕೊಟ್ಟು ಚೆಂದದ ಅಕ್ಷರದಲ್ಲಿ ಬರೆದರಾಯಿತು ಎಂದು. ಇಪ್ಪತ್ತು ವರ್ಷದ ಚಟ. ಆಮೇಲೆ ಗೋಡೆಯ ಚಿತ್ರ ನೋಡುತ್ತಾ ಮುಂದೆ ಹೋಗಿ, ಎತ್ತರದ ಸ್ಟೂಲೊಂದರ ಪಕ್ಕ ನಿಂತ.

ಅಷ್ಟರಲ್ಲಿ ಮೇಡಂ ಬಿರುಗಾಳಿಯಂತೆ ಬಂದರು. ಹಿಂದೆಯೇ ಮೂವತ್ತೆಂಟು ಮಕ್ಕಳು.

"ಸದ್ಯ, ಬಂದ್ರಲ್ಲ! ಕೂತ್ಕೊಳ್ಳಿ." ಹೆಗಲೊತ್ತಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿದರು. ಎರಡು ಬೆರಳಲ್ಲಿ ಗಲ್ಲ ಹಿಡಿದು ಗೋಡೆಯ ಕಡೆ ತಿರುಗಿಸಿದರು. "ಹೀಗೇ ಇರಿ. ರೆಪ್ಪೆ ಹೊಡೀಬಹುದು, ಮಾತು ಬೇಡ. ಮಕ್ಕಳೇ, ಇವತ್ತು ಇವರ ಮುಖ. ಮೂಗಿಂದ ಶುರು ಮಾಡಿ, ಹಿಂದಿನ ಬೆಂಚಿಗೂ ಕಾಣುತ್ತೆ."

ಆಗ ಅವನಿಗೆ ಹೊಳೆಯಿತು. ಚಿತ್ರಕ್ಕೆ ಕೂರಲು ಯಾರೋ ಬರಬೇಕಿತ್ತು; ಮೇಡಂ ತನ್ನನ್ನೇ ಆ ಯಾರೋ ಎಂದುಕೊಂಡಿದ್ದಾರೆ. ನಾನಲ್ಲ ಎನ್ನಲು ಬಾಯಿ ತೆರೆದ. ದಪ್ಪಕ್ಷರ ನೆನಪಾಯಿತು. ಮುಚ್ಚಿದ.

"ಮೇಡಂ, ಬಾಯಿ ಅಲ್ಲಾಡ್ತು!" ಎಂದಿತು ಒಂದು ಮಗು.

"ಇನ್ನು ಅಲ್ಲಾಡಲ್ಲ, ಬರೀರಿ."

ಅಲ್ಲಾಡಲಿಲ್ಲ. ಗಂಟೆಯಾದ ಮೇಲೆ ಹೇಳಿದರಾಯಿತು ಎಂದುಕೊಂಡು, ತಾನೇ ಬಣ್ಣ ಹಚ್ಚಿದ ಬೋರ್ಡಿನಂತೆ ಕೂತ.

"ಮೇಡಂ, ಮೂಗು ಹಾಳೆ ದಾಟಿ ಹೋಗ್ತಿದೆ."

"ಇನ್ನೊಂದು ಹಾಳೆ ಅಂಟಿಸ್ಕೋ."

"ಮೇಡಂ, ಕೂದಲು?"

"ಎಣಿಸಿ ಬರಿ, ಬೇಗ ಮುಗಿಯುತ್ತೆ."

ಒಂದು ನೊಣ ಬಂದು ಮೂಗಿನ ತುದಿಯಲ್ಲಿ ಬಿಡಾರ ಹೂಡಿತು.

"ನೊಣಾನೂ ಬರೀಬೇಕಾ ಮೇಡಂ?"

"ಕಂಡಿದ್ದನ್ನೆಲ್ಲ ಬರೀಬೇಕು."

ನಡುವೆ ಬಾಗಿಲು ಕಿರುಗುಟ್ಟಿತು. "ಶ್! ಹಿಂದಿನ ಬೆಂಚು!" ಎಂದರು ಮೇಡಂ. ಯಾರೋ ತಡವಾಗಿ ಬಂದ ಹುಡುಗನಿರಬೇಕು ಎಂದುಕೊಂಡ. ತಿರುಗಿ ನೋಡುವಂತಿರಲಿಲ್ಲ, ಅವನ ಪಾಲಿಗೆ ಇದ್ದುದು ಗೋಡೆಯೊಂದೇ.

ಗಂಟೆ ಬಾರಿಸಿತು. ಎಡಗಾಲು ಜೋಮು ಹಿಡಿದು ಮರದ ತುಂಡಾಗಿತ್ತು. ಅದನ್ನು ಎಳೆದುಕೊಂಡು ಹಿಂದಿನ ಬೆಂಚಿಗೆ ಹೋದರೆ, ಅಲ್ಲಿ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ ಮುದುಕನೊಬ್ಬ ಕೂತಿದ್ದ. ಮೇಡಂ ಅವನ ಮುಂದಿನ ಹಾಳೆಗೆ ಸಹಿ ಹಾಕಿ, ಮೊಹರು ಒತ್ತಿ, ಊದಿ ಆರಿಸುತ್ತಿದ್ದರು.

"ಇಂಥ ವೀಕ್ಷಣೆ ನಾನು ನೋಡೇ ಇಲ್ಲ, ಕೇಳಿ!" ಎಂದು ಜೋರಾಗಿ ಓದಿದರು. "ಎರಡನೇ ಸಾಲಿನ ಹುಡುಗಿ ಬರೆದದ್ದಕ್ಕಿಂತ ಉಜ್ಜಿದ್ದೇ ಹೆಚ್ಚು. ಕಿಟಕಿ ಪಕ್ಕದ ಹುಡುಗ ಎಡಚ. ಕೈಯ ನೆರಳು ಗೆರೆಯ ಮೇಲೇ ಬೀಳುತ್ತಿದೆ, ಬೆಂಚು ಬದಲಿಸಬೇಕು. ಸ್ಟೂಲಿನ ಮೇಲಿನವರ ಎಡಹೆಗಲು ಒಂದು ಬೆರಳು ಇಳಿದಿದೆ, ಒಬ್ಬರೂ ಗಮನಿಸಿಲ್ಲ."

"ಅದು ನನ್ನ ಹಾಳೆ!" ಬೋರ್ಡು ಬರೆಯುವವನ ಬಾಯಿ ಕೊನೆಗೂ ಬಿಚ್ಚಿತು. "ತರಬೇತಿಯಿಂದ ಬಂದವನು ನಾನು ಮೇಡಂ!"

ಮೇಡಂ ಮುದುಕನ ಕಡೆ ತಿರುಗಿದರು. "ಹಾಗಾದ್ರೆ ನೀವು?"

"ನಾನು ದರ್ಜಿ ಅಮ್ಮಾ. ಬಂದು ಸುಮ್ನೆ ಕೂತ್ಕೊಂಡ್ರೆ ಸಾಕು ಅಂತ ಹೇಳಿ ಕಳಿಸಿದ್ರಲ್ಲ. ಹಿಂದೆ ಕೂರಿಸಿದ್ರಿ, ಕೂತೆ. ಅರ್ಜಿ ಇತ್ತು, ತುಂಬಿದೆ."

ಹೆಸರಿನ ಜಾಗದಲ್ಲಿ ದರ್ಜಿಯ ಹೆಸರು ಗುಂಡಗೆ ಕೂತಿತ್ತು.

"ಅಯ್ಯೋ, ನೀವು ಆಗಲೇ ಬಾಯಿ ಬಿಡಬಾರದಿತ್ತಾ?"

"ಬಿಟ್ರೆ ರದ್ದು ಅಂತ ಬರ್ದಿದೆ."

ಮೇಡಂಗೆ ಕನಿಕರವಾಯಿತು. "ಹೋಗ್ಲಿ, ಬಿಳಿ ಹಾಳೆ ಮೇಲೇ ಬರೆದು ಸಹಿ ಹಾಕಿ ಕೊಡ್ತೀನಿ. ಪಾಠದಲ್ಲಿ ಏನು ನೋಡಿದ್ರಿ, ಹೇಳಿ."

ಅವನಿಗೆ ಸುಳ್ಳು ಹೇಳಲು ದರ್ಜಿಯ ಹಾಳೆ ಕಣ್ಣೆದುರಿಗಿತ್ತು. ಆದರೂ ನಾಲಿಗೆ ಏಳಲಿಲ್ಲ.

"ಗೋಡೆ," ಎಂದ. "ಮೂಲೇಲಿ ಸುಣ್ಣ ಎದ್ದಿದೆ."

ಮೇಡಂ ಮೆತ್ತಗೆ ಪೆನ್ನಿನ ಮುಚ್ಚಳ ಹಾಕಿದರು. "ನೋಡ್ದೇ ಇರೋದಕ್ಕೆ ಹೇಗೆ ಸಹಿ ಹಾಕ್ಲಿ? ಬರೋ ವರ್ಷ ಬನ್ನಿ. ಆದ್ರೆ ಮುಂದಿನ ಬುಧವಾರ ಮಾತ್ರ ತಪ್ಪಿಸ್ಬೇಡಿ. ಕಿವಿ ಬಾಕಿ ಇದೆ."

ಮಕ್ಕಳು ತಮ್ಮ ಚಿತ್ರಗಳನ್ನೆಲ್ಲ ಸುರುಳಿ ಸುತ್ತಿ ಅವನ ಕಂಕುಳಿಗೆ ತುರುಕಿದರು.

ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಸಹಿ ಸಿಕ್ತಾ?"

"ಒಂದು ಬೇಕಿತ್ತು, ಮೂವತ್ತೆಂಟು ಸಿಕ್ತು." ಸುರುಳಿ ಬಿಚ್ಚಿದ. ಪ್ರತಿ ಚಿತ್ರದ ಮೂಲೆಯಲ್ಲೂ ಬರೆದವರ ಸಹಿ ಇತ್ತು.

ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಮೂಗು ನೋಡಿದಳು, ನೊಣ ನೋಡಿದಳು. ಕೊನೆಗೆ ತಲೆಯಾಡಿಸಿದಳು.

"ಇದ್ಯಾರ್ರೀ? ಒಂದೂ ನಿಮ್ಮ ಥರ ಇಲ್ಲ. ಎಲ್ಲದರಲ್ಲೂ ಬಾಯಿ ಮುಚ್ಚಿದೆ."